ನಡುವೆ ಎಲ್ಲೂ ನಿಲ್ಲಿಸುವುದಿಲ್ಲ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು ಅಂತ ನಮ್ಮ ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಇದನ್ನೂ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದಿನ ಮಾತು. ಆದರೂ ಆ ಶುಕ್ರವಾರ ನೆನಪಾದರೆ ಅಡುಗೆಮನೆಯಲ್ಲಿ ನಿಂತಿದ್ದರೂ ಸ್ಟೀರಿಂಗ್ ಹಿಡಿದ ಹಾಗೆ ಎರಡೂ ಕೈ ಬಿಗಿಯಾಗುತ್ತವೆ.

ಮೊದಲು ಗಾಡಿಯ ವಿಷಯ ಹೇಳಿಬಿಡುತ್ತೇನೆ. ನಾವಿರುವುದು ಜರ್ಮನಿಯ ಶ್ವೀಬರ್ಡಿಂಗೆನ್‌ನಲ್ಲಿ. ಕಾರಿನ ಬ್ರೇಕು ಯಾವಾಗ, ಎಷ್ಟು ಹಿಡಿಯಬೇಕು ಅಂತ ಲೆಕ್ಕ ಹಾಕುವ ಸಾಫ್ಟ್‌ವೇರನ್ನು ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು. ಟೆಸ್ಟ್ ಟ್ರ್ಯಾಕಿನಲ್ಲಿ ಟ್ರೇಲರ್ ಕಟ್ಟಿದ ಗಾಡಿಗಳನ್ನು ನೋಡಿ ನೋಡಿ ನನಗೂ ಒಂದು ಬೇಕು ಅನ್ನಿಸಿತು. ಮನೆಗಳಿಗೆ ಛಾವಣಿ ಹಾಕುತ್ತಿದ್ದ ಒಬ್ಬರಿಂದ ಹಳೆಯ ಪಿಕಪ್ ಕೊಂಡೆವು. ಅದರ ತೊಟ್ಟಿಯಲ್ಲಿ ಡಾಂಬರಿನ ಕಲೆ ಇವತ್ತಿಗೂ ಹೋಗಿಲ್ಲ. ಮಾರನೇ ವರ್ಷ ಅದರ ಹಿಂದೆ ಕಟ್ಟಿ ಎಳೆಯಲು ಒಂದು ವೋನ್‌ವಾಗನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಬಂತು. ಒಳಗೆ ಮುಂದೆ ಒಂದು ಮೇಜು, ನಡುವೆ ಪುಟ್ಟ ಅಡುಗೆ ಕಟ್ಟೆ, ತೀರಾ ಹಿಂಭಾಗದಲ್ಲಿ ಅಗಲವಾದ ಹಾಸಿಗೆ. ಇಷ್ಟು ಭಾರ ಎಳೆಯಲು ಇಲ್ಲಿ ಬೇರೆ ಲೈಸೆನ್ಸ್ ಬೇಕು. ಗಂಡ, "ನೀನೇ ಮಾಡ್ಕೋ, ನಂಗೆ ಆಫೀಸಿದೆ" ಅಂದ. ನನಗೇನು ಆಫೀಸಿರಲಿಲ್ಲವೇ? ಇರಲಿ, ನಾನೇ ಮಾಡಿಕೊಂಡೆ. ಹಾಗಾಗಿ ನಮ್ಮ ಮನೆಯಲ್ಲಿ ವೋನ್‌ವಾಗನ್ ಎಳೆಯುವವಳು ನಾನೊಬ್ಬಳೇ.

ಕೊಕ್ಕೆಗೆ ಸಿಕ್ಕಿಸಿ ಹೊರಟರಾಯಿತು ಅಂತ ಜನ ತಿಳಿದುಕೊಂಡಿದ್ದಾರೆ. ಅಷ್ಟು ಸುಲಭವಲ್ಲ. ವೋನ್‌ವಾಗನ್‌ನ ಮೂತಿ ಪಿಕಪ್ಪಿನ ಕೊಕ್ಕೆಯನ್ನು ಇಂತಿಷ್ಟು ಭಾರದಿಂದ ಒತ್ತಿಕೊಂಡಿರಬೇಕು. ಆ ಭಾರಕ್ಕೆ ಇಲ್ಲಿ ಸ್ಟ್ಯುಟ್ಸ್‌ಲಾಸ್ಟ್ ಅನ್ನುತ್ತಾರೆ. ಅದನ್ನು ಅಳೆಯಲು ಒಂದು ಪುಟ್ಟ ತಕ್ಕಡಿ ಇಟ್ಟುಕೊಂಡಿದ್ದೇನೆ. ಭಾರದ ಸಾಮಾನೆಲ್ಲ ಚಕ್ರದ ನೇರಕ್ಕೆ, ನೆಲದ ಮೇಲೆ ಇರಬೇಕು. ಬಾಲದ ಕಡೆ ಭಾರ ಹೆಚ್ಚಾದರೆ ಮೂತಿ ಹಗುರವಾಗುತ್ತದೆ. ಹಾಗಾದ ಗಾಡಿ ಊರೊಳಗೆ ಹಸುವಿನ ಹಾಗೆ ಹಿಂದೆ ಬರುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ. ಆಟೋಬಾನ್ ಹೆದ್ದಾರಿಯಲ್ಲಿ ವೇಗ ಸಿಕ್ಕಿ, ಇಳಿಜಾರು ಬಂದು, ಪಕ್ಕದಲ್ಲಿ ದೊಡ್ಡ ಬಸ್ಸೊಂದು ಹಾದುಹೋದಾಗ ಬಾಲ ಆಡಿಸಲು ಶುರುಮಾಡುತ್ತದೆ. ಒಂದೂವರೆ ಟನ್ ತೂಕದ ಬಾಲ. ಈಗಿನ ಹೊಸ ಗಾಡಿಗಳಲ್ಲಿ ಅದನ್ನು ತಡೆಯುವ ಸಾಫ್ಟ್‌ವೇರ್ ಇರುತ್ತದೆ. ನಾನು ದಿನವಿಡೀ ಕೂತು ಪರೀಕ್ಷಿಸುವುದು ಅದನ್ನೇ. ನಮ್ಮ ಹಳೇ ಪಿಕಪ್ಪಿನಲ್ಲಿ ಅದು ಇಲ್ಲ.

ಇದನ್ನೆಲ್ಲ ನಾನು ಯಾರಿಗೆ ವಿವರಿಸಲಿ? ನಮ್ಮ ಜನಕ್ಕೆ ಖಾಲಿ ಜಾಗ ಕಂಡರೆ ತಡೆದುಕೊಳ್ಳಲು ಆಗುವುದಿಲ್ಲ. "ಹೇಗೂ ಖಾಲಿ ಹೋಗ್ತಿದ್ಯಲ್ಲ, ಇದೊಂದ್ ಇಟ್ಕೊಂಡ್ಬಿಡಿ" ಅನ್ನುವ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಪಿಕಪ್ ಬಂದ ದಿನದಿಂದ ಸುತ್ತಮುತ್ತಲ ಕನ್ನಡದವರು ಮನೆ ಬದಲಾಯಿಸಿದರೆ ನಮಗೆ ಫೋನು. ಗಣೇಶನ ಹಬ್ಬದ ಮಂಟಪ, ಸ್ಪೀಕರು, ನೂರು ಜನದ ಸಾರಿನ ಪಾತ್ರೆ, ಎಲ್ಲಕ್ಕೂ ನಾವೇ. ಡಾರ್ಮ್‌ಸ್ಟಾಟ್‌ನಿಂದ ಯಾರದೋ ಸೋಫಾ ಹೊತ್ತು ತಂದಿದ್ದೇವೆ. ಆ ಯಾರೋ ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಗಂಡನಿಗೆ ಇಲ್ಲ ಅನ್ನುವ ಶಬ್ದ ಬಾಯಲ್ಲಿ ಹೊರಡುವುದಿಲ್ಲ. ಹೂಂ ಅನ್ನುವುದು ಅವನು, ಬೆನ್ನು ಬಗ್ಗಿಸುವುದು ನಾನು.

ಆ ಬೇಸಿಗೆಯಲ್ಲಿ ಅತ್ತೆ ಮೈಸೂರಿನಿಂದ ಮೂರು ತಿಂಗಳ ಮಟ್ಟಿಗೆ ಬಂದಿದ್ದರು. ಎಪ್ಪತ್ತು ದಾಟಿದವರು, ಬೆನ್ನು ನೋವಿನವರು. ಕೇಳಿ ಪಡೆಯುವ ಸ್ವಭಾವವೇ ಅವರದಲ್ಲ. ಬಾಯಾರಿಕೆಯಾದರೆ, "ಈ ಊರಲ್ಲಿ ನಲ್ಲಿ ನೀರೇ ಕುಡೀತಾರಂತಲ್ಲ?" ಅನ್ನುತ್ತಾರೆ. ನಾವು ಅರ್ಥ ಮಾಡಿಕೊಂಡು ಲೋಟ ಕೊಡಬೇಕು. ಆದರೆ ನನ್ನ ಬಗ್ಗೆ ಅವರಿಗೆ ಬಹಳ ಹೆಮ್ಮೆ. ಫೋನಿನಲ್ಲಿ ಊರಿನವರಿಗೆಲ್ಲ, "ನನ್ ಸೊಸೆ ಲಾರಿ ಓಡಿಸ್ತಾಳೆ ಕಣ್ರೀ, ಹಿಂದೆ ಒಂದ್ ಮನೇನೇ ಕಟ್ಕೊಂಡು" ಅಂತ ಹೇಳಿ ನಗುತ್ತಿದ್ದರು.

ಅವರು ಬಂದ ಹೊಸತರಲ್ಲಿ ಒಮ್ಮೆ ವೋನ್‌ವಾಗನ್ ಕಟ್ಟಿಕೊಂಡು ಬ್ಲ್ಯಾಕ್ ಫಾರೆಸ್ಟ್ ಕಡೆಗೆ ಕರೆದುಕೊಂಡು ಹೋಗಿದ್ದೆವು. ಪಿಕಪ್ಪಿನ ಹಿಂದಿನ ಸೀಟು ಇಕ್ಕಟ್ಟು, ಬೆನ್ನು ಹಲಗೆಗೆ ಆನಿಸಿದ ಹಾಗೆ ನೆಟ್ಟಗೆ ಕೂರಬೇಕು. ಮುಕ್ಕಾಲು ಗಂಟೆಯಾಗಿರಬೇಕು, ಅತ್ತೆ ಹಿಂದಿನಿಂದ, "ಸ್ವಲ್ಪ ನಿಲ್ಸೋಕಾಗತ್ತೇನಮ್ಮ?" ಅಂದರು. ನಾನು ಎರಡು ಲಾರಿಗಳ ನಡುವೆ ಸಿಕ್ಕಿಕೊಂಡಿದ್ದೆ. "ಅತ್ತೆ, ಇದೇನು ಆಟೋ ಅಲ್ಲ, ಕೈ ತೋರಿಸಿದ ಕಡೆ ನಿಲ್ಸೋಕೆ! ಹನ್ನೆರಡು ಮೀಟರ್ ಗಾಡಿ ಎಲ್ಲಿ ನಿಲ್ಸಲಿ?" ಅಂತ ಕೂಗಿದೆ. ನಿಲ್ಲಿಸದೆಯೇ ಹೋದೆವು. ಆಮೇಲೆ ನಾನದನ್ನು ಮರೆತೆ.

ಆಗಸ್ಟ್ ಕೊನೆಗೆ ಮೂರು ಕುಟುಂಬ ಸೇರಿ ಬೋಡನ್‌ಸೇ ಸರೋವರದ ಪಕ್ಕ ಕ್ಯಾಂಪಿಂಗ್ ಹೋಗುವುದೆಂದು ಆಯಿತು. ಉಳಿದಿಬ್ಬರದು ಟೆಂಟು, ನಮ್ಮದು ವೋನ್‌ವಾಗನ್. ನಾನು ಎಂದಿನಂತೆ ವೇಳಾಪಟ್ಟಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆ. ಏಳೂವರೆಗೆ ಹೊರಡುವುದು, ಹತ್ತೂವರೆಗೆ ತಲುಪುವುದು. ಬಾತ್‌ರೂಮಿಗೆ ಮನೆಯಲ್ಲೇ ಹೋಗಿ ಬರಬೇಕು. ಕೊನೆಯ ಸಾಲು: ನಡುವೆ ಎಲ್ಲೂ ನಿಲ್ಲಿಸುವುದಿಲ್ಲ.

ಅತ್ತೆಯನ್ನು ಗೆಳೆಯರ ದೊಡ್ಡ ವ್ಯಾನಿನಲ್ಲಿ ಕೂರಿಸುವುದೆಂದು ನಾನೇ ಹೇಳಿದ್ದೆ. ಅದರ ಸೀಟು ಹಿಂದಕ್ಕೆ ವಾಲುತ್ತದೆ, ಬೆನ್ನಿಗೆ ಒಳ್ಳೆಯದು ಅಂತ. ಗುರುವಾರ ಸಂಜೆ ಸಾಮಾನು ತುಂಬಿ, ತಕ್ಕಡಿ ಇಟ್ಟು, ನೀರಿನ ಕ್ಯಾನನ್ನು ಒಂದು ಅಡಿ ಮುಂದಕ್ಕೆ ಸರಿಸಿ, ಮತ್ತೆ ತೂಗಿ, ತೃಪ್ತಿಯಾಗಿ ಬಾಗಿಲು ಹಾಕಿದೆ. ಬೆಳಿಗ್ಗೆ ವ್ಯಾನಿನವರೂ ಬಂದರು. ಕೊಕ್ಕೆ ಸಿಕ್ಕಿಸಿ, ದೀಪಗಳನ್ನೆಲ್ಲ ನೋಡಿ, ಕಿಟಕಿ ಹಾಕಿ ಮನೆಗೆ ಬೀಗ ಹಾಕಿಕೊಂಡು ಬರಲು ಮೇಲೆ ಹೋದೆ. ಹತ್ತು ನಿಮಿಷ ಆಗಿರಬಹುದು. ಕೆಳಗೆ ಬಂದಾಗ ವ್ಯಾನು ಹೊರಟುಹೋಗಿತ್ತು.

"ಅತ್ತೆ ಹೋದ್ರಾ?" ಅಂತ ಕೇಳಿದೆ.

"ಹೂಂ, ವ್ಯಾನಲ್ಲಿ ಹೋದ್ರು" ಅಂದ ಗಂಡ. ಮುಖ ನೋಡಿ ಹೇಳಲಿಲ್ಲ, ಸೀಟ್ ಬೆಲ್ಟ್ ಹುಡುಕುತ್ತಾ ಹೇಳಿದ. ಹದಿಮೂರು ವರ್ಷದ ಮಗಳು ಹಿಂದೆ ಕೂತು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದಳು.

ಒಂದೂವರೆ ಗಂಟೆ ಚೆನ್ನಾಗಿಯೇ ಹೋಯಿತು. ಹೆಗಾವ್ ಸೀಮೆಗೆ ಇಳಿಯುವ ಕಡೆ ರಸ್ತೆ ಉದ್ದಕ್ಕೆ ಜಾರಿಕೊಂಡು ಹೋಗುತ್ತದೆ, ಎದುರಿಗೆ ಗುಡ್ಡಗಳು ಒಂದೊಂದಾಗಿ ಕಾಣುತ್ತವೆ. ನನ್ನ ವೇಗ ಎಂಬತ್ತು ದಾಟಿರಲಿಲ್ಲ. ಎಡಗಡೆಯಿಂದ ಒಂದು ಟೂರಿಸ್ಟ್ ಬಸ್ಸು ನಮ್ಮನ್ನು ಹಿಂದೆ ಹಾಕಿತು. ಅದರ ಗಾಳಿಗೆ ಸೊಂಟದ ಹತ್ತಿರ ಯಾರೋ ತಳ್ಳಿದ ಹಾಗಾಯಿತು. ಎಡಗನ್ನಡಿಯಲ್ಲಿ ವೋನ್‌ವಾಗನ್‌ನ ಪಕ್ಕೆ ಕಂಡಿತು. ಮರುಕ್ಷಣ ಬಲಗನ್ನಡಿಯಲ್ಲಿ ಕಂಡಿತು. ಮತ್ತೆ ಎಡಕ್ಕೆ, ಈ ಸಲ ಇನ್ನೂ ದೊಡ್ಡದಾಗಿ. ಪಿಕಪ್ಪಿನ ಹಿಂಭಾಗವನ್ನೇ ಹಿಡಿದು ಅಲ್ಲಾಡಿಸಲು ಶುರುವಾಯಿತು.

ಏನು ಮಾಡಬೇಕೆಂದು ನನಗೆ ಗೊತ್ತು. ಆ ಲೈಸೆನ್ಸಿಗೆ ಕಲಿಸಿದ ಮಾಸ್ತರು ಅದನ್ನು ಹತ್ತು ಸಲ ಹೇಳಿಸಿದ್ದರು. ಸ್ಟೀರಿಂಗ್ ನೇರ ಹಿಡಿ, ತಿರುಗಿಸಿ ಸರಿಮಾಡಲು ಹೋಗಬೇಡ, ಬ್ರೇಕ್ ತುಳಿ, ಗಟ್ಟಿಯಾಗಿ ತುಳಿ. ಕಾಲು ಬ್ರೇಕಿನ ಮೇಲೆ ಹೋಗಿಯೇ ಇತ್ತು.

ಆಗ ಮಗಳು ಕಿರುಚಿದಳು. "ಮಮ್ಮಾ! ಅಜ್ಜಿ ಇಸ್ಟ್ ಇಮ್ ವೋನ್‌ವಾಗನ್! ಅಜ್ಜಿ!"

ಅಜ್ಜಿ ವೋನ್‌ವಾಗನ್ ಒಳಗಿದ್ದಾರೆ. ನಾನು ಗಂಡನ ಕಡೆ ನೋಡಲಿಲ್ಲ, ನೋಡುವ ಹೊತ್ತಲ್ಲ ಅದು. ಆದರೆ ಅವನು ಇಲ್ಲ ಅನ್ನಲಿಲ್ಲ. ಅಷ್ಟರಿಂದಲೇ ಗೊತ್ತಾಯಿತು.

ಬ್ರೇಕ್ ಹಾಕಿದರೆ ಒಳಗೆ ಬೆಲ್ಟಿಲ್ಲದೆ ಮಲಗಿರುವ ಮುದುಕಿ ಮುಂದಕ್ಕೆ ಎಗರಿ ಬೀಳುತ್ತಾರೆ. ಹಾಕದಿದ್ದರೆ ಗಾಡಿ ಮಗುಚಿಕೊಳ್ಳುತ್ತದೆ, ಅವರೂ ಉಳಿಯುವುದಿಲ್ಲ, ಬಹುಶಃ ನಾವೂ. ಹೀಗೆ ಬರೆದರೆ ಯೋಚಿಸಲು ಸಮಯವಿತ್ತು ಅನ್ನಿಸುತ್ತದೆ. ಇರಲಿಲ್ಲ. ಅತ್ತೆ ಒಳಗಿದ್ದಾರೆ ಅಂತ ಗೊತ್ತಿದ್ದೂ ನಾನು ಬ್ರೇಕ್ ತುಳಿದೆ. ಗಟ್ಟಿಯಾಗಿ ತುಳಿದೆ. ಹಿಂದಿನಿಂದ ಏನೋ ಧಡ್ ಅಂತ ಬಿದ್ದ ಸದ್ದು ಕೊಕ್ಕೆಯ ಮೂಲಕ ನನ್ನ ಸೀಟಿಗೇ ಬಂದು ತಾಗಿತು. ಆ ಸದ್ದು ಸಾಮಾನಿನದೋ ಅತ್ತೆಯದೋ ಅಂತ ತಿಳಿಯದೆ, ಗಾಡಿಯನ್ನು ರಸ್ತೆಯ ಅಂಚಿಗೆ ತರುವವರೆಗೂ ಕಾಲು ತೆಗೆಯಲಿಲ್ಲ.

ಬಾಗಿಲು ತೆಗೆದರೆ ಒಳಗೆಲ್ಲ ಅಕ್ಕಿ. ನಾನು ತುಂಬದೇ ಇದ್ದ ಅಕ್ಕಿ. ಹಾಸಿಗೆಯ ಕೆಳಗೆ, ತೀರಾ ಬಾಲದಲ್ಲಿ, ಎರಡು ಮೂಟೆ ಅಕ್ಕಿ, ದೋಸೆ ಹಿಟ್ಟಿಗೆಂದು ಕಲ್ಲಿನ ಗ್ರೈಂಡರು, ದೊಡ್ಡ ಕುಕ್ಕರು. ವ್ಯಾನಿನಲ್ಲಿ ಮಕ್ಕಳ ಸೈಕಲ್ ತುಂಬಿದ್ದರಿಂದ ಹೇಗೂ ಖಾಲಿ ಹೋಗುತ್ತಿದೆಯಲ್ಲ ಅಂತ ಗೆಳೆಯರು ಕೊಟ್ಟಿದ್ದು, ನಾನು ಮೇಲೆ ಹೋದಾಗ ಗಂಡ ಇಟ್ಟಿದ್ದು. ಅದರ ಮೇಲಿನ ಹಾಸಿಗೆಯಲ್ಲಿ ಅತ್ತೆ ಮಲಗಿದ್ದರು. ಈಗ ಅಡುಗೆ ಕಟ್ಟೆಯ ಬುಡದಲ್ಲಿ ಕೂತಿದ್ದರು. ಸೆರಗಿನ ತುಂಬ ಅಕ್ಕಿ, ಎಡಗೈಯಲ್ಲಿ ಬಲ ಮಣಿಕಟ್ಟನ್ನು ಹಿಡಿದುಕೊಂಡಿದ್ದರು. ನನ್ನನ್ನು ಕಂಡ ಕೂಡಲೇ ಅವರು ಆಡಿದ ಮೊದಲ ಮಾತು ಇದು:

"ಏನೂ ಆಗಿಲ್ಲಮ್ಮ. ನೀನು ಕೂಗಾಡ್ಬೇಡ."

ನಾನು ಕೂಗಾಡಲಿಲ್ಲ. ಅಕ್ಕಿಯ ಮೇಲೇ ಮಂಡಿಯೂರಿ ಅವರ ಸೆರಗು ಕೊಡವಿದೆ. ಆಂಬುಲೆನ್ಸಿಗೆ ಫೋನ್ ಮಾಡಿದವಳು ಮಗಳು, ಸ್ವಚ್ಛ ಜರ್ಮನ್‌ನಲ್ಲಿ, ಎಲ್ಲಿದ್ದೇವೆ ಅನ್ನುವುದನ್ನು ಕಿಲೋಮೀಟರ್ ಕಲ್ಲು ನೋಡಿ ಹೇಳಿ.

ಪೊಲೀಸರೂ ಬಂದರು. ಇಬ್ಬರಲ್ಲಿ ಹಿರಿಯವರು ಚಾಲಕರು ಯಾರು ಅಂತ ಕೇಳಿದರು. ನಾನೇ ಅಂತ ಹೇಳಿದೆ. ಚಲಿಸುವ ವೋನ್‌ವಾಗನ್‌ನಲ್ಲಿ ಯಾರೂ ಕೂರುವಂತಿಲ್ಲ, ಗೊತ್ತಿದೆಯೇ? ಗೊತ್ತಿದೆ. ಹಾಗಾದರೆ? ಅವರು ಒಳಗಿದ್ದದ್ದು ನನಗೆ ಗೊತ್ತಿರಲಿಲ್ಲ. ಆತ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. "ನಿಮ್ಮ ಗಾಡಿ. ನಿಮ್ಮ ಅತ್ತೆ. ನಿಮಗೆ ಗೊತ್ತಿರಲಿಲ್ಲ?" ಗಂಡ ನಾಲ್ಕು ಹೆಜ್ಜೆ ಆಚೆ ನಿಂತು ಬೂಟಿನ ತುದಿಯಿಂದ ಕಲ್ಲು ಒದೆಯುತ್ತಿದ್ದ. ನೋಟಿಸು ನನ್ನ ಹೆಸರಿಗೇ ಬರುತ್ತದೆ ಅಂತ ಆಗಲೇ ಗೊತ್ತಿತ್ತು, ಬಂತು. ಆ ಅವಮಾನಕ್ಕೆ ನನ್ನ ಮೈ ಇನ್ನೂ ಉರಿಯುತ್ತದೆ.

ಅತ್ತೆಯ ಮಣಿಕಟ್ಟು ಮುರಿದಿತ್ತು. ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿ, ತಲೆ ಬೆನ್ನು ಎಲ್ಲ ನೋಡಿ, ಪುಣ್ಯ ಮಾಡಿದ್ದೀರಿ ಅನ್ನುವ ಮುಖ ಮಾಡಿ ಕಳಿಸಿದರು. ಅಷ್ಟೊತ್ತಿಗೆ ಮಧ್ಯಾಹ್ನವಾಗಿತ್ತು. ವಾಪಸ್ ಹೋಗುವ ದಾರಿಗಿಂತ ಕ್ಯಾಂಪಿಂಗ್ ಜಾಗ ಹತ್ತಿರವಿತ್ತು. ಗ್ರೈಂಡರು, ಕುಕ್ಕರನ್ನು ಪಿಕಪ್ಪಿನ ತೊಟ್ಟಿಗೆ ಎಸೆದು ಅಲ್ಲಿಗೇ ಹೋದೆವು.

ಮಾರನೇ ದಿನ ಬೆಳಿಗ್ಗೆ ಪಾತ್ರೆ ತೊಳೆಯುವ ಕಟ್ಟೆಯ ಹಿಂದೆ ಗಂಡನನ್ನು ನಿಲ್ಲಿಸಿಕೊಂಡೆ. ಹಿಂದಿನ ದಿನ ಬಾರದ ಕೂಗು ಆಗ ಬಂತು.

"ಏನಂದ್ಕೊಂಡಿದ್ದೆ ಅದನ್ನ? ಹೇಳು!"

"ಸ್ಲೀಪರ್ ಬಸ್ ಥರಾ ಅಲ್ವಾ ಅಂದ್ಕೊಂಡೆ. ಬೆಡ್ ಇದೆ, ಮಲ್ಕೊಂಡ್ ಬರ್ಲಿ ಅಂತ. ಅಮ್ಮಂಗೆ ಕೂತ್ಕೊಳ್ಳೋಕಾಗಲ್ಲ, ಗೊತ್ತಲ್ಲ ನಿಂಗೆ."

"ವ್ಯಾನಲ್ಲಿ ಹೋದ್ರು ಅಂತ ಸುಳ್ಳು ಯಾಕೆ ಹೇಳ್ದೆ?"

ಅವನು ಆಚೀಚೆ ನೋಡಿದ. ಪಕ್ಕದ ಟೆಂಟಿನ ಜರ್ಮನ್ ದಂಪತಿ ಕಾಫಿ ಕುಡಿಯುತ್ತಾ ನಮ್ಮನ್ನೇ ನೋಡುತ್ತಿದ್ದರು. "ಹೇಳಿದ್ರೆ ನೀನು ಕೂಗಾಡ್ತಿದ್ದೆ" ಅಂದ.

"ಕೂಗಾಡಿದ್ರೆ ಏನಾಗ್ತಿತ್ತು? ಕಿವಿ ನೋಯ್ತಿತ್ತು! ಅಷ್ಟೇ ತಾನೆ? ಕೈ ಮುರೀತಿತ್ತಾ?"

ನನ್ನ ಮಾತು ಸರಿಯಾಗಿಯೇ ಇತ್ತು, ಇವತ್ತಿಗೂ ಸರಿ. ಬೆಳೆದ ಗಂಡಸು, ಹೆಂಡತಿಯ ಬೈಗುಳಕ್ಕೆ ಹೆದರಿ ಹೆತ್ತ ತಾಯಿಯನ್ನು ಸಾಮಾನಿನ ಜೊತೆ ತುಂಬುತ್ತಾನೆಯೇ? ಅದನ್ನೂ ಹೇಳಿದೆ. ಇನ್ನೂ ಏನೇನೋ ಹೇಳಿದೆ. ಜರ್ಮನ್ ದಂಪತಿ ಕಪ್ಪು ಎತ್ತಿಕೊಂಡು ಒಳಗೆ ಹೋದರು.

ಆಮೇಲೆ ಮಗಳ ಸರದಿ. ನಿನಗೆ ಗೊತ್ತಿತ್ತಲ್ಲ, ಯಾಕೆ ಹೇಳಲಿಲ್ಲ ಅಂದೆ. ಅವಳು ನೀರಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. "ಪಪ್ಪಾ ಬೇಡ ಅಂದ್ರು. ಡು ಶ್ರೈಸ್ಟ್ ಇಮ್ಮರ್, ಮಮ್ಮಾ" ಅಂದಳು. ನೀನು ಯಾವಾಗಲೂ ಕಿರುಚುತ್ತೀಯ ಅಂತ. ದೂರುವ ದನಿಯಲ್ಲ. ಹೊರಗೆ ಮೋಡವಾಗಿದೆ ಅಂತ ಹೇಳುವ ಹಾಗೆ ಹೇಳಿ ಕಾಲು ಆಡಿಸುತ್ತಾ ಕೂತಳು.

ಅತ್ತೆಯನ್ನು ಕೇಳುವುದು ಬೇಡ ಅಂದುಕೊಂಡಿದ್ದೆ. ಸಂಜೆ ಅವರಿಗೆ ತಲೆ ಬಾಚಿ ಜಡೆ ಹಾಕುವಾಗ, ಒಂದು ಕೈಯಲ್ಲಿ ಅವರಿಗೆ ಆಗುತ್ತಿರಲಿಲ್ಲ, ಅವರೇ ಶುರುಮಾಡಿದರು. "ಅವನನ್ನ ಬೈಬೇಡಮ್ಮ. ಮಲ್ಕೊಂಡ್ ಬರ್ತೀನಿ ಅಂತ ನಾನೇ ಅಂದಿದ್ದು. ವ್ಯಾನಿನವರು ಹೊರಗಿನವರು, ಅವರನ್ನ ಮಧ್ಯೆ ಮಧ್ಯೆ ನಿಲ್ಸಿ ಅಂತ ಹೇಗೆ ಕೇಳ್ಲಿ?"

ನನ್ನನ್ನು ಕೇಳಬಹುದಿತ್ತಲ್ಲ ಅನ್ನಲು ಬಾಯಿ ತೆರೆದೆ. ಆಟೋ ಅಲ್ಲ ಅಂತ ಕೂಗಿದ್ದು ಆಗ ನೆನಪಾಯಿತು. ಬಾಯಿ ಮುಚ್ಚಿಕೊಂಡು ಜಡೆಗೆ ರಬ್ಬರ್ ಹಾಕಿದೆ.

ಅಷ್ಟಾದರೂ ಅವರು ಊರಿಗೆ ಫೋನ್ ಮಾಡಿ ಬಾತ್‌ರೂಮಿನಲ್ಲಿ ಜಾರಿ ಬಿದ್ದೆ ಅಂತ ಹೇಳಿದರು. ಲಾರಿ ಓಡಿಸುವ ಸೊಸೆಯ ಮರ್ಯಾದೆ ಹೋಗಬಾರದಲ್ಲ. ನನ್ನ ಸುತ್ತ ಇನ್ನೂ ಒಂದು ಸುಳ್ಳು. ಫೋನ್ ಕಿತ್ತುಕೊಂಡು ನಿಜ ಹೇಳಿಬಿಡಬೇಕು ಅನ್ನುವಷ್ಟು ಸಿಟ್ಟು ಬಂತು.

ಭಾನುವಾರ ಹೊರಡುವಾಗ ಗ್ರೈಂಡರನ್ನು ವ್ಯಾನಿನವರ ಕೈಗೆ ಕೊಟ್ಟು, ಇನ್ನು ಮೇಲೆ ನಮ್ಮ ಗಾಡಿಯಲ್ಲಿ ಒಂದು ಚಮಚವನ್ನೂ ಇಡಬೇಡಿ ಅಂದೆ. ಅವರಿಗೆ ಬೇಜಾರಾಯಿತು. ಆಗಲಿ. ತಕ್ಕಡಿ ಇಟ್ಟು ತೂಗಿದೆ. ವೋನ್‌ವಾಗನ್ ಒಳಗೆ ಹೋಗಿ, ಹಾಸಿಗೆಯ ಹೊದಿಕೆ ಎತ್ತಿ ನೋಡಿ, ಬಾಗಿಲು ಹಾಕಿ ಕೀಲಿ ನನ್ನ ಜೇಬಿಗೆ ಹಾಕಿಕೊಂಡೆ. ಗಂಡನನ್ನು ಇಕ್ಕಟ್ಟಿನ ಹಿಂದಿನ ಸೀಟಿಗೆ ಕಳಿಸಿ ಅತ್ತೆಯನ್ನು ಮುಂದೆ ಕೂರಿಸಿದೆ. "ನಿಲ್ಸು ಅಂದ್ರೆ ನಿಲ್ಸ್ತೀನಿ" ಅಂದೆ. ಅವರು ತಲೆಯಾಡಿಸಿದರು, ನಂಬಿದ ಹಾಗೆ ಕಾಣಲಿಲ್ಲ.

ಅರ್ಧ ಗಂಟೆಯಾಯಿತು. ಅತ್ತೆ ಎಡಗೈಯನ್ನು ಸೀಟಿಗೆ ಊರಿ ಸ್ವಲ್ಪ ಮೇಲೇಳುವುದು, ಮತ್ತೆ ಕೂರುವುದು ಮಾಡುತ್ತಿದ್ದರು. ಬ್ಲ್ಯಾಕ್ ಫಾರೆಸ್ಟ್ ಕಡೆಗೆ ಹೋದಾಗಲೂ ಹೀಗೇ ಮಾಡಿರಬೇಕು, ನನ್ನ ಬೆನ್ನ ಹಿಂದೆ. ಪಾರ್ಕಿಂಗ್ ಬೋರ್ಡು ಕಂಡಿತು. ನಾನಾಗಿಯೇ ನಿಲ್ಲಿಸಬಹುದಿತ್ತು. ಅವರು ಕೇಳಲಿ ಅಂತ ಹಟ ಹಿಡಿದ ಹಾಗೆ ಕಾದೆ.

"ನಿಲ್ಸ್ತೀಯೇನಮ್ಮ?" ಅಂದರು, ಬೋರ್ಡು ಇನ್ನೇನು ದಾಟಬೇಕು ಅನ್ನುವಾಗ.

ಲಾರಿಗಳ ಸಾಲಿನಲ್ಲಿ ಹನ್ನೆರಡು ಮೀಟರೂ ಸರಿಯಾಗಿ ಹಿಡಿಯಿತು. ಅತ್ತೆ ಇಳಿದು, ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು, ವೋನ್‌ವಾಗನ್‌ನ ಉದ್ದಕ್ಕೂ ನಡೆದು ಹೋಗಿ ವಾಪಸ್ ಬಂದರು. ಇನ್ನೊಂದು ಸಲ ಹೋಗಿ ಬಂದರು. "ಸಾಕು, ಹೋಗೋಣ" ಅಂದರು. ಡ್ಯಾಶ್‌ಬೋರ್ಡಿನ ಗಡಿಯಾರ ನೋಡಿದೆ. ನಾಲ್ಕು ನಿಮಿಷ. ಮನೆ ಸೇರುವಷ್ಟರಲ್ಲಿ ಐದು ಸಲ ನಿಲ್ಲಿಸಿದೆವು. ಒಟ್ಟು ಇಪ್ಪತ್ತು ನಿಮಿಷ.

ಮನೆಗೆ ಬಂದು ಹಾಲು ಇಡಲು ಹೋದರೆ ಫ್ರಿಜ್ಜಿನ ಮೇಲೆ ವೇಳಾಪಟ್ಟಿ ಹಾಗೇ ಇತ್ತು. ಕೊನೆಯ ಸಾಲಿನ ಕೆಳಗೆ ಕೆಂಪು ಪೆನ್ನಿನಲ್ಲಿ ಎರಡು ಗೆರೆ. ಎಳೆದವಳು ನಾನೇ. ಮೈಯೆಲ್ಲ ಸಿಟ್ಟಿತ್ತು, ಯಾರನ್ನಾದರೂ ಕೂಗಿ ಕರೆಯಬೇಕು ಅನ್ನಿಸಿತು. ಗಂಡ ಕೆಳಗೆ ವೋನ್‌ವಾಗನ್‌ನ ನೆಲದಿಂದ ಅಕ್ಕಿ ಗುಡಿಸುತ್ತಿದ್ದ. ಮಗಳು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ಅತ್ತೆ ಹಾಲ್‌ನಲ್ಲಿ ಒಂದು ಕೈಯಲ್ಲಿ ಸೀರೆ ಮಡಿಸಲು ನೋಡುತ್ತಿದ್ದರು, ಯಾರನ್ನೂ ಕರೆಯದೆ.